ಉಂಗ್ರದ ಮಣ್ಣು, ಕ್ಯಾಂಪಸ್ಸಿನ ಕಲೆ

ಜೂನ್ 5 ಹತ್ತಿರ ಬಂದರೆ ನಮ್ಮ ಕಾಲೇಜುಗಳ ಕಾಂಪೌಂಡು ಹಸಿರಾಗುತ್ತದೆ. ಗೋಡೆಯ ಮೇಲೆ ಎರಡು ಅಂಗೈ, ಅಂಗೈಯೊಳಗೆ ಭೂಗೋಳ, ಅದರ ನೆತ್ತಿಯ ಮೇಲೊಂದು ಸಸಿ. ಅಂಗಳದಲ್ಲಿ ನೀರಿನ ಬಾಟಲಿಗಳಿಂದ ಮಾಡಿದ ಆನೆ. ಗೇಟಿಗೆ ಫ್ಲೆಕ್ಸ್. ಪ್ಲಾಸ್ಟಿಕ್ ಕೈಚೀಲದ ಜೊತೆಗೆ ಪ್ಲಾಸ್ಟಿಕ್ ಫ್ಲೆಕ್ಸನ್ನೂ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಮಕ್ಕಳ ಶ್ರದ್ಧೆಯ ಬಗ್ಗೆ ನನಗೆ ಅನುಮಾನವಿಲ್ಲ. ನೋವಾಗುವುದು ಆ ಶ್ರದ್ಧೆಗೆ ನಾವು ಕೊಟ್ಟಿರುವ ಕೆಲಸವನ್ನು ಕಂಡು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಉದುರುತ್ತದೆ, ಬಿಸಿಲಿಗೆ ಸುಟ್ಟ ಪ್ಲಾಸ್ಟಿಕ್ ಆನೆ ಚೂರುಚೂರಾಗಿ ಮಣ್ಣು ಸೇರುತ್ತದೆ.

ಪರಿಸರದ ಬಗ್ಗೆ ಹೇಳುವ ಕಲೆ ಬೇರೆ, ಪರಿಸರಕ್ಕೆ ಒದಗುವ ಕಲೆ ಬೇರೆ. ಎರಡನೆಯದನ್ನು ಕಲಿಯಲು ತುಮಕೂರಿನವರು ದೂರ ಹೋಗಬೇಕಿಲ್ಲ. ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋದರೆ ಸಾಕು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಶುರುವಾಯಿತು. ವಿಜ್ಞಾನವನ್ನು ಹಳ್ಳಿಯ ಬದುಕಿಗೆ ಒದಗಿಸುವುದು ಅದರ ಗುರಿ. ಅದರ ವಿಸ್ತರಣಾ ಕೇಂದ್ರ ನೆಲೆಗೊಂಡದ್ದು ಉಂಗ್ರದಲ್ಲಿ. ಅಲ್ಲಿಗೆ ಬಂದ ವಿಜ್ಞಾನಿಗಳು ಮೊದಲು ಮಾಡಿದ್ದು ಸುತ್ತಲಿನ ಹಳ್ಳಿಗಳ ಲೆಕ್ಕ: ಸೌದೆ ಎಷ್ಟು ಉರಿಯುತ್ತದೆ, ನೀರು ಹೊರಲು, ಸೌದೆ ತರಲು ಹೆಂಗಸರು ಎಷ್ಟು ಹೊತ್ತು ಸವೆಸುತ್ತಾರೆ ಎಂದು. ಆ ಲೆಕ್ಕದ ಬೆನ್ನಿಗೆ ಬಂದದ್ದು ಅಸ್ತ್ರ ಒಲೆ. ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಹೋಗಲು ಕೊಳವೆ. ಪಕ್ಕದ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ದೀಪ ಉರಿಯಿತು, ಕುಡಿಯುವ ನೀರು ಮೇಲೆ ಬಂತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿಗೊಳಿಸುವ ಇಟ್ಟಿಗೆಯನ್ನು ರೂಪಿಸಿದರು. ಗೂಡು ಹಾಕಿ ಸುಡುವ ಕೆಲಸವೇ ಇಲ್ಲ, ಗೂಡಿಗೆ ಬೇಕಾದ ಸೌದೆಯೂ ಉಳಿಯಿತು.

ಇದರಲ್ಲಿ ಕಲೆ ಎಲ್ಲಿದೆ ಎಂದು ಕೇಳುವವರಿಗೆ ಒಂದು ಮಾತು. ಮಣ್ಣಿನ ಇಟ್ಟಿಗೆಯ ಗೋಡೆಗೆ ಗಿಲಾವು, ಬಣ್ಣ ಬೇಡ. ಯಾವ ಊರಿನ ಮಣ್ಣೋ ಆ ಊರಿನ ಬಣ್ಣ. ಹಾಗೆ ಬರಿಮೈಯಲ್ಲಿ ನಿಲ್ಲುವ ಗೋಡೆಯ ಸಾಲು ಓರೆಯಾಗಬಾರದು, ಸಂದು ಒಂದೇ ಅಳತೆಯಲ್ಲಿರಬೇಕು. ಮುಚ್ಚಿಡಲು ಏನೂ ಇಲ್ಲದ ಕಡೆ ಕೈಯ ಕುಶಲತೆಯೇ ಅಲಂಕಾರ.

ಇನ್ನು ಗುಬ್ಬಿ. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ಆ ತಾಲ್ಲೂಕಿನಲ್ಲಿ. ಮದುವೆಯಾಗಿ ಹೋದ ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ದಾರಿಯಲ್ಲಿ ಅವರೂ ಗಂಡ ಚಿಕ್ಕಯ್ಯನವರೂ 385 ಆಲದ ಮರ ಬೆಳೆಸಿದರು. 1982ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ಕಲಾವಿದ ಯೋಸೆಫ್ ಬಾಯ್ಸ್ 7000 ಓಕ್ ಗಿಡ ನೆಡುವ ಕೆಲಸ ಹಿಡಿದು, ಪ್ರತಿ ಗಿಡದ ಪಕ್ಕ ಒಂದು ಕಪ್ಪು ಶಿಲೆ ನಿಲ್ಲಿಸಿದರು. ಜಗತ್ತಿನ ಕಲಾಶಾಲೆಗಳು ಅದನ್ನು ಶಿಲ್ಪವೆಂದು ಪಾಠ ಹೇಳುತ್ತವೆ; ಹೇಳಲಿ, ಅದು ದೊಡ್ಡ ಕೃತಿಯೇ. ಅದಕ್ಕೂ ಮೊದಲೇ ಕೊಡದಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಬೆಳೆಸಿದ ಆ ಆಲದ ಸಾಲು ನಮ್ಮ ದೃಶ್ಯಕಲೆಯ ತರಗತಿಯಲ್ಲಿ ಏಕೆ ಪಾಠವಾಗಿಲ್ಲ? 2019ರಲ್ಲಿ ಪದ್ಮಶ್ರೀ ಕೊಟ್ಟೆವು, 2025ರ ನವೆಂಬರ್‌ನಲ್ಲಿ ಕಣ್ಣೀರಿಟ್ಟು ಬೀಳ್ಕೊಟ್ಟೆವು. ಅವರಿಂದ ಕಲಿಯುವುದು ಇನ್ನೂ ಬಾಕಿ ಇದೆ.

ತುಮಕೂರು ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ ಬಿದರಕಟ್ಟೆಯಲ್ಲಿ ಮೇಲೆದ್ದಿದೆ. ನಗರದಲ್ಲಿ 1963ರಿಂದ ಎಂಜಿನಿಯರಿಂಗ್ ಕಲಿಸುತ್ತಿರುವ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ, ಗುಬ್ಬಿಯಲ್ಲೂ ಎಂಜಿನಿಯರಿಂಗ್ ಕಾಲೇಜಿದೆ. ಚಿತ್ರ ಕಲಿಯುವವರು ಮತ್ತು ಸಿವಿಲ್ ಎಂಜಿನಿಯರಿಂಗ್ ಓದುವವರು ಒಟ್ಟಿಗೆ ಕೂತರೆ ಎಷ್ಟು ಕೆಲಸವಿದೆ! ಸಾವಿರ ಚದರ ಮೀಟರ್ ಛಾವಣಿಯ ಮೇಲೆ 600 ಮಿಲಿಮೀಟರ್ ಮಳೆ ಸುರಿದರೆ 6 ಲಕ್ಷ ಲೀಟರ್ ನೀರು. ಈಗ ಅದು ಪಿವಿಸಿ ಪೈಪಿನೊಳಗೆ ಯಾರ ಕಣ್ಣಿಗೂ ಬೀಳದೆ ಚರಂಡಿ ಸೇರುತ್ತದೆ. ಅದನ್ನು ಕಲ್ಲಿನ ಕಾಲುವೆಯಲ್ಲಿ ಹರಿಸಿ, ಮೆಟ್ಟಿಲಿರುವ ಪುಟ್ಟ ಕಲ್ಯಾಣಿಗೆ ಇಳಿಸಿದರೆ ಮಳೆ ಬಂದಾಗಲೆಲ್ಲ ಇಡೀ ಕಾಲೇಜು ಕಿಟಕಿಗೆ ಬಂದು ನೋಡುತ್ತದೆ. ನಮ್ಮ ಹಳೆಯ ಕೆರೆಗಳ ತೂಬಿನ ಕಂಬಗಳನ್ನು ನೋಡಿ: ನೀರು ಬಿಡುವ ಕಲ್ಲಿಗೂ ಕೆತ್ತನೆ ಮಾಡಿದರು. ಕುಣಿಗಲ್ ಕೆರೆ ಜನಪದರ ಹಾಡಿಗೆ ವಸ್ತುವಾದದ್ದು ಅದು ನೀರು ಕೊಟ್ಟದ್ದಕ್ಕೂ ಹೌದು, ಚೆಲುವಾಗಿದ್ದದ್ದಕ್ಕೂ ಹೌದು.

ವಸ್ತುಗಳಿಗೂ ಬರವಿಲ್ಲ. ತೆಂಗಿನ ನಾರು, ಅಡಿಕೆ ಹಾಳೆ, ಕಲ್ಲು, ಮಣ್ಣು ಎಲ್ಲವೂ ಜಿಲ್ಲೆಯಲ್ಲೇ ಸಿಗುತ್ತವೆ. ಬಿಸಿಲಿಗೆ ನಾರಿನ ತಟ್ಟಿ, ಕೂರಲು ಮಣ್ಣಿನ ಜಗಲಿ, ನೆರಳಿಗೆ ಅರಳಿಕಟ್ಟೆ.

ದೊಡ್ಡ ಅಡ್ಡಿ ಇರುವುದು ಹಣದಲ್ಲಲ್ಲ, ನಮ್ಮ ಅವಸರದಲ್ಲಿ. ಮಾನ್ಯತಾ ಸಮಿತಿ ಬರುವ ಮುನ್ನ ಮುಗಿಯಬೇಕು, ಫೋಟೊಗೆ ಸಿಗಬೇಕು ಎಂಬ ಆತುರಕ್ಕೆ ಬಣ್ಣದಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಮಣ್ಣಿನ ಜಗಲಿಯನ್ನು ವರ್ಷಕ್ಕೊಮ್ಮೆ ಸಾರಿಸಬೇಕು, ಕಲ್ಯಾಣಿಯ ಹೂಳೆತ್ತಬೇಕು, ನಾರಿನ ತಟ್ಟಿ ಬದಲಿಸಬೇಕು. ಈ ಉಪಚಾರವನ್ನೇ ಪಠ್ಯದ ಭಾಗ ಮಾಡಬಹುದು. ಮೊದಲ ವರ್ಷ ಸೇರಿದ ತಂಡ ಕಟ್ಟಲಿ. ಅಂಕವನ್ನು ಆಗಲೇ ಪೂರ್ತಿ ಕೊಡಬೇಡಿ. ಅರ್ಧ ಉಳಿಸಿಕೊಂಡು, ಮೂರನೆಯ ಮಳೆಗಾಲ ಕಳೆದ ಮೇಲೆ ಅಧ್ಯಾಪಕರು ಅದೇ ವಿದ್ಯಾರ್ಥಿಗಳ ಜೊತೆ ಹೋಗಿ ಗೋಡೆ ಮುಟ್ಟಿ, ಕಲ್ಯಾಣಿಯ ನೀರು ಅಳೆದು, ಉಳಿದ ಅಂಕ ಹಾಕಲಿ.