ತಡವರಿಸುವ ವಾಹನ

ಟರ್ಬೊ ಅಳವಡಿಸಿದ ವಾಹನವು ವೇಗ ಪಡೆಯುವಾಗ ತಡವರಿಸಿದರೆ ಅದನ್ನು ಅಲಕ್ಷಿಸಲಾಗದು. ಲಾರಿಯೊಂದನ್ನು ಹಿಂದಿಕ್ಕುತ್ತಿದ್ದಾಗ ನಾವು ಕುಳಿತಿದ್ದ ಡೀಸೆಲ್ ಕಾರು ನಡುರಸ್ತೆಯಲ್ಲಿ ಹೀಗೆಯೇ ಬಲಗುಂದಿತು. ಎದುರಿಗೆ ಬಸ್ಸು ಬರುತ್ತಿತ್ತು. ಅದರ ಚಾಲಕನ ವಿವೇಕದಿಂದ ಉಳಿದೆವು. ಮರುದಿನ ಗ್ಯಾರೇಜಿನಲ್ಲಿ "ಟರ್ಬೊ ಬದಲಿಸಬೇಕು" ಎಂದರು.

1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಪೇಟೆಂಟ್ ಪಡೆದ ಈ ಸಾಧನದ ತತ್ತ್ವ ಸರಳವಾದುದು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲ ಚಕ್ರವೊಂದನ್ನು ತಿರುಗಿಸುತ್ತದೆ. ಅದೇ ಅಕ್ಷದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಚಕ್ರ ವೇಗಗೊಳ್ಳುವವರೆಗಿನ ಅಲ್ಪ ವಿಳಂಬ ಸಹಜ. ಹೊಸದಾಗಿ ಕಾಣುವ ಮುಗ್ಗರಿಕೆ, ಕಪ್ಪು ಹೊಗೆ, ಸುಯ್ಯೆನ್ನುವ ಸದ್ದು ದೋಷದ ಲಕ್ಷಣಗಳು.

ಪರೀಕ್ಷೆಯು ಸುಲಭವಾದುದರಿಂದ ಆರಂಭವಾಗಬೇಕು. ಮೊದಲು ಏರ್ ಫಿಲ್ಟರ್, ಬಳಿಕ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಕೊಳವೆಗಳು ಮತ್ತು ಅವುಗಳ ಕ್ಲಿಪ್ಪುಗಳು. ಅನಂತರ ಇಂಧನದ ಫಿಲ್ಟರ್, ಗಾಳಿಯನ್ನಳೆಯುವ ಸೆನ್ಸರ್. ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್ಗುಗಳು. ಸ್ಕ್ಯಾನರ್ ತೋರುವ ಸಂಕೇತ ಸುಳಿವು ಮಾತ್ರ, ತೀರ್ಪಲ್ಲ.

ನಮ್ಮ ಹಠಕ್ಕೆ ಮಣಿದು ಹೀಗೆ ನೋಡಿದಾಗ, ಒಂದು ಕೊಳವೆಯ ಅಡಿಭಾಗದಲ್ಲಿ ಬಿರುಕು ಕಂಡಿತು. ಗಾಡಿ ನಿಂತಾಗ ಮುಚ್ಚಿರುತ್ತಿದ್ದ ಅದು ಒತ್ತಡ ಬಿದ್ದೊಡನೆ ಬಾಯ್ದೆರೆಯುತ್ತಿತ್ತು. ಕೊಳವೆ ಬದಲಾಯಿತು, ಟರ್ಬೊ ಉಳಿಯಿತು. ಆದುದರಿಂದ ಓದುಗರು ಬೆಲೆಯುಳ್ಳ ಭಾಗವನ್ನು ದೂಷಿಸುವ ಮುನ್ನ ಗಾಳಿಯ ದಾರಿಯನ್ನು ಪರೀಕ್ಷಿಸಿಕೊಳ್ಳುವುದು ಲೇಸು.