ಹುಲಿ ಯಾಕೆ ಸತ್ತಿತು?

ಕನ್ನಡ ಶಾಲೆಗೆ ಹೋಗುವ ಮಗು ನಿಮ್ಮ ಮನೆಯಲ್ಲಿದ್ದರೆ ಇಂದು ರಾತ್ರಿ ಒಂದು ಪ್ರಶ್ನೆ ಕೇಳಿ ನೋಡಿ: ‘ಗೋವಿನ ಹಾಡಿ’ನಲ್ಲಿ ಹುಲಿ ಯಾಕೆ ಸತ್ತಿತು?

ಕಾಸರಗೋಡಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಐದನೇ ತರಗತಿಯಲ್ಲಿ ಇದನ್ನು ಕೇಳಿದೆ. ಮಕ್ಕಳೆಲ್ಲ ಒಂದೇ ಸ್ವರದಲ್ಲಿ ‘ಪುಣ್ಯಕೋಟಿ ಸತ್ಯವಂತೆ, ಸತ್ಯಕ್ಕೆ ಜಯ’ ಎಂದರು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗುತ್ತದೆ. ಆದರೆ ನಾನು ಕೇಳಿದ್ದು ಹುಲಿಯ ವಿಷಯ. ತಪ್ಪು ಮಕ್ಕಳದ್ದಲ್ಲ. ವರ್ಷ ವರ್ಷವೂ ಆ ಉತ್ತರವನ್ನು ಕರಿಹಲಗೆಯ ಮೇಲೆ ಬರೆದುಕೊಟ್ಟವಳು ನಾನೇ.

ಮರುದಿನ ಪುಸ್ತಕ ಮುಚ್ಚಿಸಿ, ‘ನಿಮ್ಮ ಮನೆಮಾತಿನಲ್ಲೇ ಹೇಳಿ’ ಎಂದೆ. ನಮ್ಮ ತರಗತಿಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಮಲಯಾಳ ಎಲ್ಲವೂ ಇವೆ. ತುಳುವಿನ ಹುಡುಗನೊಬ್ಬ ಎದ್ದು, ‘ಹುಲಿಯದ್ದೇನು ತಪ್ಪು ಟೀಚರ್? ಅದಕ್ಕೆ ಹಸಿವಾಗಿತ್ತಲ್ಲ?’ ಎಂದ. ಹಿಂದಿನ ಬೆಂಚಿನಿಂದ ಒಬ್ಬಳು, ‘ಹಸು ತಿರುಗಿ ಬರುವುದಿಲ್ಲವೆಂದೇ ಅದು ಎಣಿಸಿತ್ತು. ಬಂದದ್ದು ಕಂಡು ನಾಚಿಕೆಯಾಯಿತು’ ಎಂದಳು. ‘ಹಾಗಾದರೆ ಕರುವನ್ನು ಬಿಟ್ಟು ಬಂದದ್ದು ಸರಿಯಾ?’ ಎಂದು ಇನ್ನೊಬ್ಬಳು. ‘ಬೇರೆ ಹಸುಗಳಿಗೆ ಒಪ್ಪಿಸಿ ಬಂದಿದ್ದಾಳಲ್ಲ!’ ವಾದ ತೀರಿಸಲು ಪುಸ್ತಕವನ್ನು ಮತ್ತೆ ತೆರೆಯಬೇಕಾಯಿತು. ಬಾಯಿಪಾಠವಿದ್ದ ಹಾಡನ್ನು ಮಕ್ಕಳು ನಿಜವಾಗಿ ಓದಿದ್ದು ಅಂದೇ.

ಇದಕ್ಕೆ ಬೇರೆ ಪುಸ್ತಕವೂ ತರಬೇತಿಯೂ ಬೇಕಿಲ್ಲ. ಮೂರು ಪ್ರಶ್ನೆ ಸಾಕು. ಆ ಪಾತ್ರ ಏನು ಮಾಡಿತು? ಬೇರೆ ಏನು ಮಾಡಬಹುದಿತ್ತು? ಹಾಗೇಕೆ ಮಾಡಲಿಲ್ಲ ಎಂಬುದು ಪಾಠದಲ್ಲಿ ಎಲ್ಲಿದೆ, ತೋರಿಸು. ಮೂರನೆಯದನ್ನು ಬಿಡಬಾರದು, ಬಿಟ್ಟರೆ ತರಗತಿ ಬರಿಯ ಹರಟೆಯಾಗುತ್ತದೆ. ಮಗು ಮೊದಲು ಮನೆಮಾತಿನಲ್ಲಿ ಹೇಳಲಿ, ಅನಂತರ ಕನ್ನಡದಲ್ಲಿ ಎರಡು ವಾಕ್ಯ ಸ್ವಂತವಾಗಿ ಬರೆಯಲಿ. ಕಾಗುಣಿತ ತಪ್ಪಿದರೆ ಆಮೇಲೆ ತಿದ್ದೋಣ.

‘ಪಾಠ ಮುಗಿಸುವುದು ಯಾವಾಗ?’ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕಷ್ಟ ನನಗೂ ಗೊತ್ತು. ಎಲ್ಲ ಪಾಠಕ್ಕೂ ಬೇಡ, ತಿಂಗಳಿಗೊಂದು ಕಥೆಗೆ ಸಾಕು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಪಠ್ಯಪುಸ್ತಕಕ್ಕಾಗಿ, ಕನ್ನಡ ಬಲ್ಲ ಅಧ್ಯಾಪಕರಿಗಾಗಿ ಮನವಿ ಕೊಡುತ್ತಲೇ ಬಂದಿದ್ದೇವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಹೋರಾಟವನ್ನು ಬಿಡುವಂತಿಲ್ಲ. ಆದರೆ ಹೋರಾಡಿ ಉಳಿಸಿಕೊಂಡ ತರಗತಿಯೊಳಗೆ ಏನು ನಡೆಯಬೇಕೆಂಬುದನ್ನು ಯಾವ ವಿಧಿಯೂ ಹೇಳಿಕೊಡುವುದಿಲ್ಲ. ಅದು ನಮ್ಮ ಕೆಲಸ.

ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುವುದಕ್ಕೂ ಕನ್ನಡದಲ್ಲಿ ಬಾಯಿಪಾಠ ಮಾಡುವುದಕ್ಕೂ ವ್ಯತ್ಯಾಸವೇನು ಎಂದು ಹೆತ್ತವರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಅರ್ಥವಾಗುವ ಭಾಷೆಯಲ್ಲಿ ಮಗು ಪ್ರಶ್ನಿಸುತ್ತದೆ, ವಾದಿಸುತ್ತದೆ, ಇನ್ನೊಬ್ಬರ ಹಸಿವನ್ನೂ ನಾಚಿಕೆಯನ್ನೂ ಅರಿಯುತ್ತದೆ ಎಂದು ತೋರಿಸಿಕೊಟ್ಟರೆ ಉತ್ತರವಿದೆ.

ಆದ್ದರಿಂದ ಅಧ್ಯಾಪಕ ಬಂಧುಗಳೇ, ಮುಂದಿನ ವಾರ ಒಂದು ಅವಧಿಯನ್ನು ಇದಕ್ಕಾಗಿ ತೆಗೆದಿಡಿ. ಹೆತ್ತವರೇ, ಮಗು ಮನೆಗೆ ಬಂದಾಗ ಎಷ್ಟು ಮಾರ್ಕು ಎಂದು ಕೇಳುವ ಮೊದಲು ಹುಲಿಯ ಬಗ್ಗೆ ಒಮ್ಮೆ ಕೇಳಿ. ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯಿರಿ.