ಕರೆಂಟ್ ಹೋದ ಗಂಟೆಯ ಲೆಕ್ಕ

ಪ್ಲಾಸ್ಟಿಕ್ ಮೋಲ್ಡಿಂಗ್ ಮಷೀನಿನ ಬ್ಯಾರೆಲ್ ಒಳಗೆ ಇನ್ನೂರು ಡಿಗ್ರಿ ಕಾದ ಮಾಲು ಇರುತ್ತದೆ. ಪೀಣ್ಯದ ಸಣ್ಣ ಶೆಡ್ಡೊಂದರಲ್ಲಿ ಕರೆಂಟ್ ಹೋಗಿ ಅರ್ಧ ಗಂಟೆಯಾದರೆ ಆ ಮಾಲು ಒಳಗೇ ಗಟ್ಟಿಯಾಗತೊಡಗುತ್ತದೆ. ಕರೆಂಟ್ ಬಂದ ಕೂಡಲೇ ಕೆಲಸ ಶುರುವಾಗುವುದಿಲ್ಲ. ಹೀಟರ್ ಹಾಕಿ ಕಾಯಬೇಕು, ಒಳಗಿನ ಹಳೇ ಮಾಲನ್ನೆಲ್ಲ ಹೊರಗೆ ತಳ್ಳಬೇಕು, ಮೊದಲ ಹತ್ತಿಪ್ಪತ್ತು ಪೀಸು ಸ್ಕ್ರ್ಯಾಪಿಗೆ ಹಾಕಬೇಕು. ಅರ್ಧ ಗಂಟೆಯ ಕತ್ತಲು ಒಂದೂವರೆ ಗಂಟೆಯ ದುಡಿಮೆಯನ್ನು ತಿಂದು ಹೋಗುತ್ತದೆ. ಅಷ್ಟು ಹೊತ್ತೂ ಕೆಲಸದವರು ಖಾಲಿ ಕ್ರೇಟುಗಳ ಮೇಲೆ ಕೂತಿರುತ್ತಾರೆ.

ಈ ನಷ್ಟ ಬರೆದಿರುವುದು ಯಾರ ಪುಸ್ತಕದಲ್ಲಿ? ಮಾಲೀಕನ ಪುಸ್ತಕದಲ್ಲಿ, ಅದೂ ಅವನು ಬರೆದುಕೊಂಡಿದ್ದರೆ. ವಿದ್ಯುತ್ ಕಂಪನಿಯ ಪುಸ್ತಕದಲ್ಲಿ ಖಂಡಿತ ಇಲ್ಲ. ಒಂದು ಮೆಗಾವ್ಯಾಟ್ ಲೋಡ್ ಇರುವ ಫೀಡರ್, ಅಂದರೆ ಬಡಾವಣೆಗಳಿಗೆ ಕರೆಂಟ್ ಒಯ್ಯುವ ಲೈನ್, ಒಂದು ಗಂಟೆ ನಿಂತಿತು ಎನ್ನಿ. ಕಂಪನಿಗೆ ಮಾರಾಟವಾಗದೆ ಉಳಿದದ್ದು ಒಂದು ಸಾವಿರ ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಏಳು ಸಾವಿರ, ಅದರಲ್ಲೂ ಖರೀದಿಯ ಖರ್ಚು ಉಳಿದಿರುತ್ತದೆ. ಅದೇ ಸಾವಿರ ಯೂನಿಟ್ಟನ್ನು ಜನ ಜನರೇಟರಿನಲ್ಲಿ ತೆಗೆದರೆ ಲೀಟರ್ ಡೀಸೆಲ್ಲಿಗೆ ಸಿಗುವುದು ಮೂರು, ಮೂರೂವರೆ ಯೂನಿಟ್. ಡೀಸೆಲ್ ಬೆಲೆ ಲೀಟರಿಗೆ 90 ರೂಪಾಯಿ ಹಿಡಿದರೂ ಎಣ್ಣೆಯ ಖರ್ಚೇ ಇಪ್ಪತ್ತೈದು ಸಾವಿರ ದಾಟುತ್ತದೆ. ಏಳು ಸಾವಿರದ ಲೆಕ್ಕ ಮುಂದಿಟ್ಟುಕೊಂಡು ಯೋಜನೆ ಹಾಕುವವರಿಗೆ ಕರೆಂಟನ್ನು ಬೇಗ ಮರಳಿಸುವ, ಲಕ್ಷಗಟ್ಟಲೆ ಬೆಲೆಯ ಆಟೊಮ್ಯಾಟಿಕ್ ಸ್ವಿಚ್ಚು ದಂಡದ ಖರ್ಚಾಗಿಯೇ ಕಾಣುತ್ತದೆ. ನನ್ನ ತಕರಾರು ಇರುವುದು ಈ ಲೆಕ್ಕದ ಮೇಲೆಯೇ.

ಸ್ವಿಚ್ಚು ಮಾಡುವ ಕೆಲಸ ದೊಡ್ಡ ಗುಟ್ಟೇನಲ್ಲ. ಒಂದು ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಸ್ಟೇಷನ್ನಿನಲ್ಲಿ ಬ್ರೇಕರ್ ಟ್ರಿಪ್ ಆಗಿ ಇಡೀ ಫೀಡರ್ ಸತ್ತುಹೋಗುತ್ತದೆ. ಲೈನ್‌ಮ್ಯಾನ್ ಮಳೆಯಲ್ಲಿ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆಯುತ್ತಾನೆ. ಒಂದು ಕಡೆ ಕಂಬದ ಮೇಲಿನ ಕೈಸ್ವಿಚ್ಚು (ಜಿಒಎಸ್) ತೆಗೆದು, ಸ್ಟೇಷನ್ನಿಗೆ ಫೋನ್ ಮಾಡಿ ಚಾರ್ಜ್ ಮಾಡಿಸುತ್ತಾನೆ. ನಿಲ್ಲಲಿಲ್ಲವೇ, ಇನ್ನೊಂದು ಕಡೆ. ಫೀಡರಿನ ನಡುವೆ ದೂರದಿಂದಲೇ ನಡೆಸಬಹುದಾದ ಒಂದು ಸ್ವಿಚ್ಚು, ತುದಿಯಲ್ಲಿ ಪಕ್ಕದ ಫೀಡರಿಗೆ ಜೋಡಣೆ, ಫಾಲ್ಟ್ ಯಾವ ಕಡೆ ಎಂದು ತೋರಿಸುವ ಇಂಡಿಕೇಟರ್ ಇದ್ದರೆ ಕಂಟ್ರೋಲ್ ರೂಮಿನಲ್ಲಿ ಕೂತವರು ಅರ್ಧ ಮನೆಗಳಿಗೆ ಕೆಲವೇ ನಿಮಿಷಗಳಲ್ಲಿ ಕರೆಂಟ್ ಕೊಡಬಹುದು. ಎರಡು ಸ್ವಿಚ್ಚಾದರೆ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ, ಮೂರಾದರೆ ಮುಕ್ಕಾಲು. ನಾಲ್ಕನೆಯದರಿಂದ ಸಿಗುವ ಹೆಚ್ಚುವರಿ ಲಾಭ ನೂರಕ್ಕೆ ಐದು ಮಾತ್ರ. ಹಾಗಾಗಿ ಒಂದೇ ಪ್ರತಿಷ್ಠಿತ ಬಡಾವಣೆಗೆ ಸ್ವಿಚ್ಚು ಸುರಿಯುವ ಬದಲು ಎಲ್ಲ ಫೀಡರಿಗೂ ಒಂದೋ ಎರಡೋ ಹಾಕುವುದು ಸರಿಯಾದ ದಾರಿ.

ಬೆಂಗಳೂರಿಗೆ ಇದು ಹೊಸ ವಿಚಾರವೂ ಅಲ್ಲ. ನಗರದ ವಿತರಣಾ ಜಾಲವನ್ನು ಮೇಲ್ದರ್ಜೆಗೇರಿಸಲು 2007ರಲ್ಲೇ ಜಪಾನಿನಿಂದ ಸುಮಾರು 1,064 ಕೋಟಿ ಯೆನ್ ಸಾಲದ ಒಪ್ಪಂದವಾಗಿತ್ತು. ಆ ವರ್ಷ ಹುಟ್ಟಿದ ಮಕ್ಕಳು ಈಗ ವೋಟು ಹಾಕುತ್ತಾರೆ. ಫುಟ್‌ಪಾತಿನ ಮೇಲೆ ಆರ್‌ಎಂಯು ಎಂಬ ಸ್ವಿಚ್ಚಿನ ಪೆಟ್ಟಿಗೆಗಳು ನಿಂತಿವೆ. ಅವುಗಳಲ್ಲಿ ಎಷ್ಟು ಇವತ್ತು ಕಂಟ್ರೋಲ್ ರೂಮಿನ ಮಾತು ಕೇಳುತ್ತವೆ, ಯಾವ ಫೀಡರಿನಲ್ಲಿ ಕತ್ತಲಿನ ನಿಮಿಷಗಳು ಎಷ್ಟು ಇಳಿದವು ಎಂಬುದನ್ನು ಬೆಸ್ಕಾಂ ವಾರ್ಡುವಾರು ಜನರ ಮುಂದಿಡಬೇಕು. ಸಾಲ ತೀರಿಸುವವರು ನಾವು.

ಹಣದ ಮಾತಷ್ಟೇ ಆಗಿದ್ದರೆ ಇಷ್ಟು ಗಟ್ಟಿಯಾಗಿ ಕೇಳುತ್ತಿರಲಿಲ್ಲ. 2023ರ ನವೆಂಬರ್ 19ರ ನಸುಕಿನಲ್ಲಿ ಕಾಡುಗೋಡಿಯ ಹೋಪ್‌ಫಾರ್ಮ್ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿ ತುಳಿದು ಎಳೆಯ ತಾಯಿಯೊಬ್ಬಳು ಒಂಬತ್ತು ತಿಂಗಳ ಮಗುವಿನೊಂದಿಗೆ ಸುಟ್ಟುಹೋದಳು. ಯಂತ್ರಗಳಿದ್ದರೆ ಇಂಥದ್ದೆಲ್ಲ ತಪ್ಪುತ್ತದೆ ಎಂದು ನಾನು ಹೇಳಲಾರೆ. ಒಣ ಕಾಂಕ್ರೀಟಿನ ಮೇಲೆ ಬಿದ್ದ ತಂತಿಯಿಂದ ಹರಿಯುವ ಕರೆಂಟು ಕೆಲವೊಮ್ಮೆ ರಿಲೇಗೆ ಗೊತ್ತಾಗದಷ್ಟು ಕಡಿಮೆ ಇರುತ್ತದೆ. ಆದರೆ ಎಲ್ಲಿ ಏನಾಗಿದೆ ಎಂದು ಕಾಣದೆ ಲೈನನ್ನು ಚಾರ್ಜ್ ಮಾಡಿ ನೋಡುವ ಪದ್ಧತಿಯನ್ನು ಇಷ್ಟು ದೊಡ್ಡ ನಗರ ಇನ್ನೂ ಸಹಿಸಿಕೊಂಡಿರಬಾರದು.

ದುಡ್ಡೆಲ್ಲಿದೆ ಎಂಬ ಉತ್ತರ ಬರುತ್ತದೆ. ಕೇಂದ್ರದ ವಿದ್ಯುತ್ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2022ರಲ್ಲಿ ಬಂದ ತಿದ್ದುಪಡಿ ಈ ದಾರಿಯನ್ನೂ ತೆರೆದಿದೆ: ದೊಡ್ಡ ನಗರಗಳಲ್ಲಿ ಡೀಸೆಲ್ ಜನರೇಟರ್ ಬೇಕಾಗದಂತೆ ಕರೆಂಟ್ ಕೊಡಬೇಕು, ಅದಕ್ಕೆ ಹಣ ಬೇಕಿದ್ದರೆ ವಿದ್ಯುತ್ ನಿಯಂತ್ರಣ ಆಯೋಗ ಪ್ರತ್ಯೇಕ ಶುಲ್ಕಕ್ಕೆ ಒಪ್ಪಬಹುದು, ಮಾತಿಗೆ ತಪ್ಪಿದರೆ ದಂಡ ಹಾಕಬೇಕು. ಶುಲ್ಕದ ಮಾತು ಎತ್ತಿದವರು ದಂಡದ ಮಾತನ್ನೂ ಅದೇ ಉಸಿರಿನಲ್ಲಿ ಎತ್ತಲಿ.

ಇನ್ನು, ಮೊದಲು ಯಾರಿಗೆ? ನಷ್ಟವನ್ನು ಬರೀ ರೂಪಾಯಿಯಲ್ಲಿ ಅಳೆದರೆ ಐಟಿ ಪಾರ್ಕೇ ಮುಂದೆ ಬರುತ್ತದೆ. ಆದರೆ ಅಲ್ಲಿ ನೆಲಮಾಳಿಗೆಯ ಜನರೇಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ನಿಲ್ಲುತ್ತದೆ. ಲಗ್ಗೆರೆಯಲ್ಲೋ ಕಾಮಾಕ್ಷಿಪಾಳ್ಯದಲ್ಲೋ ಒಂದು ಲೇತ್ ಇಟ್ಟುಕೊಂಡವನಿಗೆ, ಹಿಟ್ಟಿನ ಗಿರಣಿಯವಳಿಗೆ, ಮನೆಯಲ್ಲೇ ಆಕ್ಸಿಜನ್ ಯಂತ್ರ ಹಾಕಿಕೊಂಡ ಮುದುಕರಿಗೆ ಎರಡನೆಯ ಆಸರೆಯಿಲ್ಲ. ಪಟ್ಟಿ ಅವರಿಂದ ಶುರುವಾಗಬೇಕು.

2025ರ ಫೆಬ್ರುವರಿಯಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯವಾದಾಗ ಜಗಳವೆಲ್ಲ ಹೆಚ್ಚಾಗಿ ಅದರ ಬೆಲೆಯ ಸುತ್ತ ನಡೆಯಿತು. ಬೆಲೆ ಕೇಳಲೇಬೇಕಾದದ್ದು. ಆದರೆ ಆ ಮೀಟರ್ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಬರೆದಿಟ್ಟುಕೊಳ್ಳುತ್ತದೆ. ಇತಿಮಿತಿ ಮೀರಿ ಕರೆಂಟ್ ಹೋದರೆ ಪರಿಹಾರ ತಾನಾಗಿ ಗ್ರಾಹಕರಿಗೆ ಸಲ್ಲಬೇಕೆಂದು ಅದೇ ಗ್ರಾಹಕ ಹಕ್ಕುಗಳ 2020ರ ಮೂಲ ನಿಯಮಗಳೇ ಹೇಳಿವೆ. ನಿಮ್ಮ ಬಿಲ್ ತೆಗೆದು ನೋಡಿ, ನಿಗದಿತ ಶುಲ್ಕಕ್ಕೆ ಒಂದು ಸಾಲಿದೆ. ಅದರ ಕೆಳಗೇ ಇನ್ನೊಂದು ಸಾಲು ಬೇಕು: ಈ ತಿಂಗಳು ನಿಮ್ಮ ಫೀಡರಿನಲ್ಲಿ ಕರೆಂಟ್ ಇಲ್ಲದ ಗಂಟೆ ಇಷ್ಟು, ಅದಕ್ಕೆ ಕಳೆದ ಹಣ ಇಷ್ಟು. ಸ್ಟೇಷನ್ನಿನ ಲಾಗ್ ಪುಸ್ತಕದಲ್ಲಿ ಪ್ರತಿ ಟ್ರಿಪ್ಪಿನ ಹೊತ್ತೂ ಬರೆದಿರುತ್ತದೆ. ಸ್ಮಾರ್ಟ್ ಮೀಟರ್ ಮನೆಮನೆಗೂ ಬರುವ ತನಕ ಕಾಯದೆ, ಅದನ್ನೇ ನೋಡಿಕೊಂಡು ಮುಂದಿನ ತಿಂಗಳ ಬಿಲ್ಲಿನಿಂದಲೇ ಅಚ್ಚು ಹಾಕಲಿ.